ಹೊರದೇಶದ ಸಂಬಂಧ: ಸಹಿ ಹಾಕುವ ಮುನ್ನ ಲೆಕ್ಕ ಹಾಕಿ



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮ ಹಿರಿಯರ ಗಾದೆ. ಈ ಎರಡು ಕೆಲಸಗಳ ಭಾರ ಕೈಹಾಕಿದ ಮೇಲೆಯೇ ತಿಳಿಯುತ್ತದೆ. ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಗೋಪುರ ಕಟ್ಟಲು ಹೊರಟವನೊಬ್ಬನ ದೃಷ್ಟಾಂತ ಕೊಡುತ್ತಾರೆ. ಅವನು ಮೊದಲು ಕುಳಿತುಕೊಂಡು, ಕೆಲಸ ಮುಗಿಸುವಷ್ಟು ಹಣ ತನ್ನಲ್ಲಿ ಇದೆಯೇ ಎಂದು ಲೆಕ್ಕ ಹಾಕಬೇಕು; ಇಲ್ಲವಾದರೆ ಅಸ್ತಿವಾರ ಹಾಕಿ ಅರ್ಧಕ್ಕೆ ನಿಂತು ನೋಡುವವರ ನಗೆಗೆ ಗುರಿಯಾಗುತ್ತಾನೆ. ಪ್ರಭು ಅಲ್ಲಿ ಹೇಳುತ್ತಿರುವುದು ಶಿಷ್ಯರಾಗುವುದಕ್ಕೆ ತೆರಬೇಕಾದ ಬೆಲೆಯ ವಿಷಯ. ವಿವಾಹವೂ ಪ್ರಭುವಿನ ಶಿಷ್ಯರಾಗಿ ಬಾಳುವ ಒಂದು ಕರೆಯೇ ಅಲ್ಲವೇ? ಹಾಗಾದರೆ ಮದುವೆಗೆ ಮುಂಚೆ ಕುಳಿತು ಲೆಕ್ಕ ಹಾಕುವುದು ವಿಶ್ವಾಸದ ಕೊರತೆಯಲ್ಲ.

ಇಂದು ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಬ್ರಿಟನ್, ಕೆನಡಾ, ಅಮೆರಿಕಗಳಲ್ಲಿ ಇದ್ದಾರೆ. ಕೆಲವರು ಅಲ್ಲಿನ ಪೌರರೇ ಆಗಿದ್ದಾರೆ. ಅಂಥ ಮನೆಯಿಂದ ಸಂಬಂಧ ಬಂದಾಗ ಸಂಬಳ ಎಷ್ಟು, ಸ್ವಂತ ಮನೆ ಇದೆಯೇ, ತಂಗಿಯರ ಮದುವೆ ಆಗಿದೆಯೇ ಎಂದು ವಿಚಾರಿಸುತ್ತೇವೆ. ಆದರೆ 'ಮದುವೆಯಾದ ಮೇಲೆ ಇಬ್ಬರೂ ಒಂದೇ ಸೂರಿನ ಕೆಳಗೆ ಇರುವುದು ಯಾವಾಗ? ಅದಕ್ಕೆ ಎಷ್ಟು ಹಣ ಬೇಕು? ಅದನ್ನು ಯಾರು ಕೊಡುತ್ತಾರೆ?' ಎಂದು ಕೇಳುವವರು ಕಡಿಮೆ. ಕೇಳಿದರೆ ಸಂಬಂಧ ತಪ್ಪಿಹೋದೀತೆಂಬ ಅಂಜಿಕೆ. ಉತ್ತರ ಸಿಗದ ಈ ಪ್ರಶ್ನೆಗಳು ಮದುವೆಯ ಮರುದಿನದಿಂದ ಮನೆಯೊಳಗೆ ಕುಳಿತುಬಿಡುತ್ತವೆ.

ಸ್ಪಾನ್ಸರ್ ಎಂದರೆ ಏನು?

ಸ್ಪಾನ್ಸರ್ ಆಗುವುದೆಂದರೆ ಬರೀ ಒಂದು ಅರ್ಜಿ ತುಂಬುವುದಲ್ಲ. 'ಈ ವ್ಯಕ್ತಿಯನ್ನು ನಾನು ಸಾಕುತ್ತೇನೆ' ಎಂದು ಒಂದು ದೇಶದ ಸರ್ಕಾರಕ್ಕೆ ಕೊಡುವ ಮಾತು ಅದು. ಒಂದೊಂದು ದೇಶ ಈ ಮಾತನ್ನು ಒಂದೊಂದು ರೀತಿಯಲ್ಲಿ ಕೇಳುತ್ತದೆ.

ಕೊಲ್ಲಿ ರಾಷ್ಟ್ರಗಳು: ಸಂಯುಕ್ತ ಅರಬ್ ಎಮಿರೇಟ್ಸ್ 2019ರಲ್ಲಿ ನಿಯಮ ಬದಲಿಸಿ, ಯಾವ ಹುದ್ದೆ ಎನ್ನುವುದಕ್ಕಿಂತ ಸಂಬಳ ಎಷ್ಟು ಎನ್ನುವುದನ್ನು ಆಧಾರವಾಗಿ ಇಟ್ಟುಕೊಂಡಿತು. ತಿಂಗಳಿಗೆ 4,000 ದಿರ್ಹಮ್, ಇಲ್ಲವೇ 3,000 ದಿರ್ಹಮ್ ಮತ್ತು ವಸತಿ ಇದ್ದವನು ಕುಟುಂಬವನ್ನು ಕರೆಸಬಹುದು. ಕುವೈತ್ 2024ರಲ್ಲಿ ಈ ಮಿತಿಯನ್ನು 800 ದಿನಾರ್‌ಗೆ ಏರಿಸಿತು. ಸೌದಿ ಅರೇಬಿಯಾ 2017ರ ಜುಲೈಯಿಂದ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ಅದು ವರ್ಷವರ್ಷವೂ ಏರಿ 2020ರಲ್ಲಿ 400 ರಿಯಾಲ್ ಆಯಿತು. ಹೆಂಡತಿ ಒಬ್ಬಳಿಗೆ ವರ್ಷಕ್ಕೆ 4,800 ರಿಯಾಲ್. ಮಗುವೊಂದು ಹುಟ್ಟಿದರೆ 9,600. ಇದು ಬಾಡಿಗೆ, ಊಟ, ಶಾಲೆಯ ಖರ್ಚಿಗೆ ಮೊದಲೇ ಹೋಗುವ ಹಣ. ಸರ್ಕಾರ ಹೇಳುವ ಕನಿಷ್ಠ ಸಂಬಳ ವೀಸಾ ಸಿಗಲು ಸಾಕು. ಸಂಸಾರ ನಡೆಸಲು ಸಾಕೇ ಎಂಬುದು ಬೇರೆಯೇ ಲೆಕ್ಕ. ಕೆಲಸ ಹೋದರೆ ಗಂಡನ ಜೊತೆಗೆ ಹೆಂಡತಿಯ ವೀಸಾವೂ ಹೋಗುತ್ತದೆ ಎಂಬುದನ್ನೂ ಮರೆಯಬೇಡಿ.

ಬ್ರಿಟನ್: ಅಲ್ಲಿನ ಪೌರರಾಗಲಿ ಕಾಯಂ ವಾಸದ ಹಕ್ಕುಳ್ಳವರಾಗಲಿ ಇಲ್ಲಿಂದ ಗಂಡನನ್ನೋ ಹೆಂಡತಿಯನ್ನೋ ಕರೆಸಬೇಕಾದರೆ 2012ರಿಂದ ವರ್ಷಕ್ಕೆ 18,600 ಪೌಂಡ್ ಆದಾಯ ತೋರಿಸಬೇಕಿತ್ತು. 2024ರ ಏಪ್ರಿಲ್ 11ರಂದು ಅದು 29,000 ಪೌಂಡ್‌ಗೆ ಏರಿತು. ಇಲ್ಲಿಂದ ಹೋಗುವವರು ಭಾರತದಲ್ಲಿ ಗಳಿಸುವ ಸಂಬಳ ಈ ಲೆಕ್ಕಕ್ಕೆ ಸೇರುವುದಿಲ್ಲ. ಆದಾಯವೇ ಇಲ್ಲದೆ ಉಳಿತಾಯದಿಂದ ಮಾತ್ರ ತೋರಿಸುವುದಾದರೆ 88,500 ಪೌಂಡ್ ಬೇಕು. ಅದು ಆರು ತಿಂಗಳು ಕೈಯಲ್ಲಿ ಇದ್ದ ಹಣವಾಗಿರಬೇಕು, ಸಾಲದ ಹಣವಾಗಿರಬಾರದು. ಇದಲ್ಲದೆ ಅರ್ಜಿಯ ಶುಲ್ಕ ಬೇರೆ, ಆರೋಗ್ಯ ಸೇವೆಗೆಂದು 2024ರ ಫೆಬ್ರವರಿಯಲ್ಲಿ ನಿಗದಿಯಾದ ವರ್ಷಕ್ಕೆ 1,035 ಪೌಂಡ್ ಬೇರೆ. ಮೊದಲ ವೀಸಾದ 33 ತಿಂಗಳಿಗೆ ಇದು 3,105 ಪೌಂಡ್ ಆಗುತ್ತದೆ, ಅದೂ ಮುಂಗಡವಾಗಿ. ಹೋದವರಿಗೆ ಕೆಲಸ ಮಾಡಲು ಅನುಮತಿ ಇದೆ, ಆದರೆ ಸರ್ಕಾರದ ಸಹಾಯಧನ ಸಿಗುವುದಿಲ್ಲ.

ನಮ್ಮ ಹೆಣ್ಣುಮಕ್ಕಳು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಬ್ರಿಟನ್ನಿಗೆ ವೃದ್ಧರ, ರೋಗಿಗಳ ಆರೈಕೆಯ ಕೆಲಸಕ್ಕೆ 2024ರ ಮಾರ್ಚ್ 11ರ ಅನಂತರ ಹೊಸದಾಗಿ ಹೋದವರು ಗಂಡನನ್ನಾಗಲಿ ಮಕ್ಕಳನ್ನಾಗಲಿ ಕರೆಸಿಕೊಳ್ಳುವಂತಿಲ್ಲ. ದಾದಿಯರ ಹುದ್ದೆಗೆ ಈ ನಿಷೇಧವಿಲ್ಲ. ಎರಡನ್ನೂ ಒಂದೇ ಎಂದು ತಿಳಿದು 'ಹುಡುಗಿ ಲಂಡನ್ನಿನಲ್ಲಿ ಇದ್ದಾಳೆ, ಹುಡುಗನೂ ಹೋಗುತ್ತಾನೆ' ಎಂದು ಮದುವೆ ನಿಶ್ಚಯಿಸಿದರೆ ಗತಿಯೇನು? ವೀಸಾದ ಕಾಗದ ತರಿಸಿ ಓದಿ ನೋಡಿ.

ಅಮೆರಿಕ ಮತ್ತು ಕೆನಡಾ: ಅಮೆರಿಕದಲ್ಲಿ ಸ್ಪಾನ್ಸರ್ ಆದವನ ಆದಾಯ ಬಡತನ ರೇಖೆಯ ಶೇಕಡಾ 125 ಇರಬೇಕು. ಇಬ್ಬರ ಕುಟುಂಬಕ್ಕೆ 2025ರಲ್ಲಿ ಇದು ಬಹುತೇಕ ರಾಜ್ಯಗಳಲ್ಲಿ ವರ್ಷಕ್ಕೆ 26,437 ಡಾಲರ್ ಆಗಿತ್ತು. ಅವನು ಸಹಿ ಹಾಕುವ ಪತ್ರ ಸರ್ಕಾರದೊಡನೆ ಮಾಡಿಕೊಂಡ ಕರಾರು. ಹೆಂಡತಿ ಅಲ್ಲಿನ ಪೌರಳಾಗುವವರೆಗೆ, ಇಲ್ಲವೇ ಸುಮಾರು ಹತ್ತು ವರ್ಷಗಳ ದುಡಿಮೆ ಅವಳ ಲೆಕ್ಕಕ್ಕೆ ಸೇರುವವರೆಗೆ ಆ ಹೊಣೆ ಸಾಮಾನ್ಯವಾಗಿ ಮುಗಿಯುವುದಿಲ್ಲ. ವಿಚ್ಛೇದನವಾದರೂ ಮುಗಿಯುವುದಿಲ್ಲ. ಆದಾಯ ಸಾಲದಿದ್ದರೆ ಇನ್ನೊಬ್ಬರು ಜೊತೆಗೆ ಸಹಿ ಹಾಕಬಹುದು. 'ಅಲ್ಲಿರುವ ಚಿಕ್ಕಪ್ಪ ಒಂದು ಸಹಿ ಹಾಕಲಿ' ಎಂದು ನಾವು ಸುಲಭವಾಗಿ ಹೇಳುತ್ತೇವೆ. ಆ ಚಿಕ್ಕಪ್ಪನೂ ಅದೇ ಕರಾರಿಗೆ ಬದ್ಧರಾಗುತ್ತಾರೆ ಎಂಬುದನ್ನು ಅವರಿಗೆ ತಿಳಿಸಿಯೇ ಸಹಿ ಕೇಳಬೇಕು. ಕೆನಡಾದಲ್ಲಿ ಗಂಡ ಅಥವಾ ಹೆಂಡತಿಯನ್ನು ಕರೆಸಲು ಸಾಮಾನ್ಯವಾಗಿ ಕನಿಷ್ಠ ಆದಾಯದ ಮಿತಿ ಇಲ್ಲ. ಆದರೆ ಮೂರು ವರ್ಷ ಸಾಕುವ ಹೊಣೆ ಇದೆ. ಕೆಲಸ ಹೋದರೂ ಮದುವೆ ಮುರಿದರೂ ಆ ಹೊಣೆ ಉಳಿಯುತ್ತದೆ.

ಬಲಿಪೀಠದ ಮುಂದೆ ಕೊಡುವ ವಚನ ಇದಕ್ಕಿಂತ ಬಹಳ ದೊಡ್ಡದು. ಆದರೆ ಸರ್ಕಾರದ ಕಾಗದಕ್ಕೆ ಸಹಿ ಹಾಕುವ ಮುನ್ನ ಸಂಬಳದ ಚೀಟಿ ತೆಗೆದು ನೋಡುವ ನಾವು, ದೇವರ ಮುಂದೆ ಮಾತು ಕೊಡುವ ಮುನ್ನ ಏನನ್ನೂ ನೋಡದೆ ಬರುವುದು ಸರಿಯೇ?

ಧರ್ಮಸಭೆ ಏನು ಹೇಳುತ್ತದೆ?

ಧರ್ಮಸಭೆಯ 1983ರ ಕಾನೂನು ಸಂಹಿತೆಯ ಕೆಲವು ನಿಯಮಗಳು ಈ ವಿಷಯಕ್ಕೆ ನೇರವಾಗಿ ತಾಗುತ್ತವೆ.

ಮೊದಲನೆಯದು, ವಿವಾಹವನ್ನು ಉಂಟುಮಾಡುವುದು ಇಬ್ಬರ ಸಮ್ಮತಿ (ನಿಯಮ 1057). ಮುಂದೆ ನಡೆಯಬೇಕಾದ ಒಂದು ಸಂಗತಿಯನ್ನು ಷರತ್ತಾಗಿ ಇಟ್ಟುಕೊಂಡು ಕೊಡುವ ಸಮ್ಮತಿಯಿಂದ ವಿವಾಹ ಸಿಂಧುವಾಗುವುದಿಲ್ಲ (ನಿಯಮ 1102). 'ವೀಸಾ ಸಿಕ್ಕಿದರೆ ಮಾತ್ರ ಇವನು ನನ್ನ ಗಂಡ, ಸಿಗದಿದ್ದರೆ ಅಲ್ಲ' ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಬಲಿಪೀಠದ ಮುಂದೆ ನಿಲ್ಲುವಂತಿಲ್ಲ. 'ವೀಸಾ ಸಿಕ್ಕಲಿ' ಎಂಬ ಆಸೆ ಬೇರೆ, ಷರತ್ತು ಬೇರೆ. ಅಷ್ಟೊಂದು ಅನುಮಾನವಿದ್ದರೆ ಮದುವೆಯ ದಿನವನ್ನು ಮುಂದೂಡಿ. ದಿನ ಮುಂದೆ ಹೋದರೆ ಮಾನವೇನೂ ಹೋಗುವುದಿಲ್ಲ.

ಎರಡನೆಯದು, ಹೊರದೇಶಕ್ಕೆ ಹೋಗುವ ದಾರಿಯೆಂದು ಮಾತ್ರ ಮದುವೆಯಾಗಿ, ಮನಸ್ಸಿನಲ್ಲಿ ವಿವಾಹವನ್ನೇ ನಿರಾಕರಿಸುವುದು ಸಂಸ್ಕಾರದ ಹೆಸರಿನಲ್ಲಿ ಆಡುವ ಸುಳ್ಳು. ಅಂಥ ಸಮ್ಮತಿಯೂ ಅಸಿಂಧು (ನಿಯಮ 1101).

ಮೂರನೆಯದು, ವಂಚನೆ. ದಾಂಪತ್ಯವನ್ನು ಗಂಭೀರವಾಗಿ ಕದಡುವಂಥ ಒಂದು ಗುಣವಿಶೇಷದ ಬಗ್ಗೆ, ಒಪ್ಪಿಗೆ ಪಡೆಯಲೆಂದೇ ಮೋಸ ಮಾಡಿದ್ದರೆ ಆ ವಿವಾಹವೂ ಸಿಂಧುವಾಗುವುದಿಲ್ಲ (ನಿಯಮ 1098). ಯಾವ ಸುಳ್ಳು ಆ ಮಟ್ಟದ್ದು ಎಂದು ತೀರ್ಮಾನಿಸುವುದು ಧರ್ಮಸಭೆಯ ನ್ಯಾಯಮಂಡಲಿ. ಆದರೆ ಇಲ್ಲದ ಕೆಲಸವನ್ನು ಇದೆಯೆಂದು, ಇರುವ ಸಾಲವನ್ನು ಇಲ್ಲವೆಂದು ಹೇಳಿ ಹೆಣ್ಣು ಕೇಳುವುದು ಪಾಪ ಎನ್ನಲು ಯಾವ ನ್ಯಾಯಮಂಡಲಿಯೂ ಬೇಕಾಗಿಲ್ಲ. ಸರ್ಕಾರಕ್ಕೆ ತೋರಿಸಲು ನಕಲಿ ಸಂಬಳದ ಚೀಟಿ ಮಾಡಿಸುವುದೂ ಹಾಗೆಯೇ. ಬ್ರಿಟನ್ನಿನಲ್ಲಿ ಅರ್ಜಿಯಲ್ಲಿ ವಂಚನೆ ಸಿಕ್ಕಿಬಿದ್ದರೆ ಹತ್ತು ವರ್ಷ ಬಾಗಿಲು ಮುಚ್ಚಬಹುದು.

ನಾಲ್ಕನೆಯದು, ಸತಿಪತಿಗಳಿಗೆ ಕೂಡಿ ಬಾಳುವ ಹಕ್ಕೂ ಇದೆ, ಕರ್ತವ್ಯವೂ ಇದೆ. ನ್ಯಾಯವಾದ ಕಾರಣವಿದ್ದರೆ ಮಾತ್ರ ವಿನಾಯಿತಿ (ನಿಯಮ 1151). ಜೀವನೋಪಾಯಕ್ಕಾಗಿ ಸ್ವಲ್ಪ ಕಾಲ ದೂರವಿರುವುದು ನ್ಯಾಯವಾದ ಕಾರಣ ಆಗಬಹುದು. ಆದರೆ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯದಲ್ಲಿ, ಸತಿಪತಿಗಳು ಅಗಲಿರುವುದಾದರೆ ಇಬ್ಬರೂ ಒಪ್ಪಿ, ಸ್ವಲ್ಪ ಕಾಲ ಮಾತ್ರ ಇರಲಿ ಎನ್ನುತ್ತಾರೆ. ಅವರು ಹೇಳುವುದು ಪ್ರಾರ್ಥನೆಗಾಗಿ ಅಗಲಿರುವ ವಿಷಯ. ಪ್ರಾರ್ಥನೆಗೇ ಇಷ್ಟು ಎಚ್ಚರ ಬೇಕಾದರೆ ಸಂಬಳಕ್ಕಾಗಿ ಅಗಲುವಾಗ ಇನ್ನೆಷ್ಟು ಬೇಕು! ಮೂರು ವಾರದ ರಜೆಯಲ್ಲಿ ಬಂದು ತಾಳಿ ಕಟ್ಟಿ, ಉಂಗುರ ತೊಡಿಸಿ ಹೊರಟುಹೋದ ಗಂಡ; ಅವನಿಲ್ಲದ ಮನೆಯಲ್ಲಿ ಅತ್ತೆಮಾವಂದಿರ ಜೊತೆ ಹೊಸಬಳಾಗಿ ದಿನ ಎಣಿಸುವ ಹೆಂಡತಿ; ಎರಡು ವರ್ಷವಾದ ಮೇಲೆ ಒಬ್ಬರಿಗೊಬ್ಬರು ಅಪರಿಚಿತರು. ಇಂಥ ಮನೆಗಳು ನಮ್ಮ ನಡುವೆ ಇಲ್ಲವೇ?

ಕುಳಿತು ಬರೆಯಬೇಕಾದ ಲೆಕ್ಕ

ನಿಶ್ಚಿತಾರ್ಥಕ್ಕೆ ಮುಂಚೆಯೇ ಹುಡುಗ ಹುಡುಗಿ ಒಂದು ನೋಟ್‌ಬುಕ್ ತೆಗೆದುಕೊಂಡು ಈ ಐದನ್ನು ಬರೆಯಲಿ. ದೂರದಲ್ಲಿದ್ದರೆ ಫೋನಿನಲ್ಲಿ ಮಾತಾಡಿಕೊಂಡೇ ಬರೆಯಲಿ.

1. ಈಗಿರುವ ಸಾಲ. ಓದಿನ ಸಾಲ, ಮನೆ ಸಾಲ, ಏಜೆಂಟನಿಗೆ ಕೊಟ್ಟ ಹಣದ ಸಾಲ, ಅಡವಿಟ್ಟ ಚಿನ್ನ. ಇಬ್ಬರದೂ ಬರೆಯಲಿ.

2. ಮನೆಗೆ ಕಳುಹಿಸುವ ಹಣ. ವಯಸ್ಸಾದ ತಂದೆತಾಯಿಯರ ಔಷಧಿ, ತಮ್ಮನ ಫೀಸು. ಇದನ್ನು ಮದುವೆಯ ಮರುದಿನ ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸಲೂ ಬಾರದು. ಎಷ್ಟು, ಎಷ್ಟು ವರ್ಷ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರಲಿ. ಹುಡುಗಿಯ ಸಂಬಳದಿಂದ ಅವಳ ತವರಿಗೆ ಹೋಗುವ ಹಣಕ್ಕೂ ಇದೇ ಮಾತು.

3. ವೀಸಾದ ಖರ್ಚು. ಅರ್ಜಿ, ವಿಮೆ, ವೈದ್ಯಕೀಯ ಪರೀಕ್ಷೆ, ಮದುವೆ ಪ್ರಮಾಣಪತ್ರದ ದೃಢೀಕರಣ, ವಿಮಾನದ ಟಿಕೆಟ್. ಏಜೆಂಟನ ಬಾಯಿಮಾತಿನ ಮೇಲೆ ಬರೆಯಬೇಡಿ. ಆಯಾ ಸರ್ಕಾರ ಪ್ರಕಟಿಸಿದ ದರವನ್ನೇ ನೋಡಿ ಬರೆಯಿರಿ. ಈ ದರಗಳು ಆಗಾಗ ಬದಲಾಗುತ್ತವೆ.

4. ಒಂದೇ ಸಂಬಳದ ಒಂದು ವರ್ಷ. ಹೋದವರಿಗೆ ಕೂಡಲೇ ಕೆಲಸ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಇಲ್ಲಿಯ ಕೆಲಸ ಬಿಟ್ಟು ಹೋದಾಗ ನಿಲ್ಲುವ ಸಂಬಳವೂ ಖರ್ಚೇ. ಒಬ್ಬರ ದುಡಿಮೆಯಲ್ಲಿ ಬಾಡಿಗೆ ಕಟ್ಟಿ ಹನ್ನೆರಡು ತಿಂಗಳು ಉಣ್ಣಬಹುದೇ?

5. ಮರಳಿ ಬರುವ ದಾರಿ. ಕೆಲಸ ಹೋದರೆ, ವೀಸಾ ನಿರಾಕರಣೆಯಾದರೆ ಎಲ್ಲಿ ಕೂಡಿ ಬಾಳುತ್ತೀರಿ? 'ಆಗ ನೋಡೋಣ' ಎಂಬುದು ಉತ್ತರವಲ್ಲ. 'ಎರಡು ವರ್ಷದೊಳಗೆ ಆಗದಿದ್ದರೆ ನಾನೇ ಊರಿಗೆ ಬರುತ್ತೇನೆ' ಎನ್ನಬಲ್ಲ ಹುಡುಗನ ಮಾತಿಗೆ ತೂಕವಿದೆ.

ಈ ಐದನ್ನು ಬರೆದ ಮೇಲೆಯೇ ಆರನೆಯದನ್ನು, ಅಂದರೆ ಮದುವೆ ದಿನದ ಖರ್ಚನ್ನು ಬರೆಯಿರಿ. ನಾವು ಮಾಡುತ್ತಿರುವುದು ಇದರ ತಿರುಗುಮುರುಗು. ಹಾಲ್, ರೋಸ್, ಬ್ಯಾಂಡು, ವಿಡಿಯೋ, ಸಾವಿರ ಜನರ ಊಟ ಎಲ್ಲ ಮುಗಿದು, ಉಳಿದದ್ದರಲ್ಲಿ ವೀಸಾ. ಉಳಿಯುವುದು ಸಾಲ ಮಾತ್ರ. ಪೋಪ್ ಫ್ರಾನ್ಸಿಸ್ ಅವರು 2016ರ 'ಅಮೋರಿಸ್ ಲೆತೀಸಿಯಾ' ಪ್ರೇರಣಾ ಪತ್ರದಲ್ಲಿ, ಆಡಂಬರದ ಸಮಾಜಕ್ಕೆ ಬಲಿಯಾಗದೆ ಸರಳವಾಗಿ ಮದುವೆಯಾಗುವ ಧೈರ್ಯ ತೋರಿಸುವಂತೆ ಯುವಜನರಿಗೆ ಕರೆಕೊಟ್ಟರು. ಬಲಿಪೂಜೆಯ ವಿವಾಹ ಸಂಸ್ಕಾರ ಐವತ್ತು ಜನರ ಮುಂದೆಯೂ ಅಷ್ಟೇ ಪವಿತ್ರ. ಐನೂರು ಜನರ ಊಟದ ಹಣದಲ್ಲಿ ಹೆಂಡತಿ ಆರು ತಿಂಗಳು ಮೊದಲೇ ಗಂಡನ ಬಳಿ ಸೇರುವಂತಿದ್ದರೆ, ಆ ಊಟವನ್ನು ಬಿಟ್ಟುಕೊಡಲು ಎರಡು ಮನೆಯವರೂ ಮನಸ್ಸು ಮಾಡಬೇಕು.

ತಂದೆತಾಯಿಯರಿಗೆ ಒಂದು ಮಾತು

ಮಕ್ಕಳು ಹೀಗೆ ಲೆಕ್ಕ ಕೇಳಿದರೆ ಅದನ್ನು ಅವಮಾನವೆಂದು ತಿಳಿಯಬೇಡಿ. ಹುಡುಗಿ ಕೇಳಿದಳೆಂದು ಅವಳನ್ನು ದುಡ್ಡಿನಾಸೆಯವಳು ಎನ್ನಬೇಡಿ. ಬಡವನನ್ನು ಮದುವೆಯಾಗಬಾರದೆಂದು ಧರ್ಮಸಭೆ ಎಂದೂ ಹೇಳಿಲ್ಲ. ನಜರೇತಿನ ಪವಿತ್ರ ಕುಟುಂಬ ಬಡಗಿಯ ದುಡಿಮೆಯಲ್ಲಿ ಬಾಳಿದ ಕುಟುಂಬ. ಪರದೇಶದಲ್ಲಿ ತಲೆಮರೆಸಿಕೊಂಡ ಕುಟುಂಬವೂ ಹೌದು. ಆದರೆ ಈಜಿಪ್ಟಿಗೆ ಹೋಗುವಾಗ ಜೋಸೆಫರು ಮರಿಯಮ್ಮನವರನ್ನೂ ಮಗುವನ್ನೂ ಜೊತೆಯಲ್ಲೇ ಕರೆದುಕೊಂಡು ಹೋದರು. ಬಡತನ ಸಂಸಾರವನ್ನು ಮುರಿಯುವುದಿಲ್ಲ, ಮುಚ್ಚಿಟ್ಟ ಬಡತನ ಮುರಿಯುತ್ತದೆ.

ಲೆಕ್ಕ ಹೊಂದದಿದ್ದರೆ ಸಂಬಂಧವನ್ನೇ ಬಿಡಬೇಕೆಂದಿಲ್ಲ. ಒಂದು ವರ್ಷ ಕಾಯಬಹುದು, ಖರ್ಚು ಇಳಿಸಬಹುದು, ದೇಶ ಬದಲಿಸಬಹುದು, ಊರಿನಲ್ಲೇ ನೆಲೆಸಬಹುದು. ಮದುವೆ ಸಿದ್ಧತಾ ಶಿಬಿರಕ್ಕೆ ಬರುವಾಗ ನಿಮ್ಮ ನೋಟ್‌ಬುಕ್ಕನ್ನೂ ತನ್ನಿ. ವಿಚಾರಣೆಗೆ ಬಂದಾಗ ನಿಮ್ಮ ಗುರುಗಳೊಡನೆ ಮುಚ್ಚುಮರೆಯಿಲ್ಲದೆ ಮಾತಾಡಿ.

ಮನೆಯಲ್ಲಿ ಚರ್ಚಿಸಲು

1. ನಮ್ಮ ಮನೆಯ ಮದುವೆಯಲ್ಲಿ ಮೊದಲು ಬರೆಯುವ ಖರ್ಚು ಯಾವುದು? ಕೊನೆಗೆ ಬರೆಯುವುದು ಯಾವುದು?

2. ಸತಿಪತಿಗಳು ಎಷ್ಟು ತಿಂಗಳು ಅಗಲಿರಬಹುದೆಂದು ನಾವು ಒಪ್ಪಿದ್ದೇವೆ? ಆ ಮಾತನ್ನು ಇಬ್ಬರೂ ಸೇರಿ ಆಡಿದ್ದಾರೆಯೇ?

3. ನಮ್ಮವರಿಗಾಗಿ ಸ್ಪಾನ್ಸರ್ ಪತ್ರಕ್ಕೆ ಸಹಿ ಹಾಕಿದವರಿಗೆ ಅದರ ಹೊಣೆ ಏನೆಂದು ತಿಳಿಸಿದ್ದೇವೆಯೇ?

ಇಂದು ರಾತ್ರಿ ಜಪಸರದ ಪ್ರಾರ್ಥನೆಯ ಅನಂತರ ಟಿ.ವಿ. ಹಾಕುವ ಮುನ್ನ ಹತ್ತು ನಿಮಿಷ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಪವಿತ್ರ ಕುಟುಂಬದ ಆಶೀರ್ವಾದ ನಿಮ್ಮ ಮನೆಯ ಮೇಲಿರಲಿ.