ಚಿನ್ನದ ಗಣಿಯಲ್ಲಿ ಕ್ಷಯರೋಗ

ಕ್ಷಯರೋಗದ ಜೀವಾಣುವನ್ನು ಜರ್ಮನಿಯ ರಾಬರ್ಟ್ ಕಾಖನು 1882ರಲ್ಲಿ ತೋರಿಸಿಕೊಟ್ಟನು. ಆದರೆ ಈ ಜೀವಾಣು ದೇಹವನ್ನು ಹೊಕ್ಕ ಮಾತ್ರಕ್ಕೆ ಎಲ್ಲರೂ ರೋಗಿಗಳಾಗುವುದಿಲ್ಲ. ಹಾಗೆ ಸೋಂಕು ತಗುಲಿದ 100 ಮಂದಿಯಲ್ಲಿ ಸುಮಾರು 5ರಿಂದ 10 ಮಂದಿ ಮಾತ್ರ ತಮ್ಮ ಜೀವಮಾನದಲ್ಲಿ ಕ್ಷಯಕ್ಕೆ ತುತ್ತಾಗುವರು. ಉಳಿದವರಲ್ಲಿ ಅದು ಸುಪ್ತವಾಗಿ ಬಿದ್ದಿರುವುದು. ಮಲಗಿರುವ ಜೀವಾಣುವನ್ನು ಎಬ್ಬಿಸುವುದು ಯಾವುದು? ಈ ಪ್ರಶ್ನೆಯೊಡನೆ ನಾವು ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳತ್ತ ಹೋಗೋಣ.

ಅಲ್ಲಿನ ವಿಟ್‌ವಾಟರ್ಸ್‌ರಾಂಡ್ ಪ್ರದೇಶದಲ್ಲಿ 1886ರಲ್ಲಿ ಚಿನ್ನ ದೊರೆಯಿತು. ಲೆಸೋಥೊ, ಮೊಜಾಂಬಿಕ್ ಮೊದಲಾದ ನಾಡುಗಳ ಬಡ ರೈತರು ಕೂಲಿಗಾಗಿ ಅಲ್ಲಿಗೆ ಬಂದರು. ಹೆಂಡತಿಮಕ್ಕಳೊಡನೆ ನೆಲಸಲು ಕಾನೂನು ಅವರಿಗೆ ಅವಕಾಶ ಕೊಡಲಿಲ್ಲ. ಗಂಡಸರಿಗೆಂದೇ ಕಟ್ಟಿದ ವಸತಿಗಳಲ್ಲಿ, ಒಂದೊಂದು ಕೋಣೆಯಲ್ಲಿ ಹಲವರು ಮಲಗುತ್ತಿದ್ದರು. ಒಬ್ಬನ ಕೆಮ್ಮು ಎಲ್ಲರ ಪಾಲಾಗುತ್ತಿತ್ತು.

ಇನ್ನು ಧೂಳು. ಬಂಡೆಯನ್ನು ಕೊರೆಯುವಾಗ ಏಳುವ ಸಿಲಿಕದ ಸೂಕ್ಷ್ಮ ಕಣಗಳು ಶ್ವಾಸಕೋಶವನ್ನು ಸೇರಿ, ರೋಗಾಣುಗಳನ್ನು ನುಂಗಬೇಕಾದ ಜೀವಕೋಶಗಳನ್ನೇ ಕೆಡಿಸುವುವು. ಶ್ವಾಸಕೋಶವೂ ಕ್ರಮೇಣ ಗಡುಸಾಗುವುದು. ಇದೇ ಸಿಲಿಕೋಸಿಸ್. ನಮ್ಮ ಕೋಲಾರದ ಗಣಿಗಾರರಿಗೂ ಇದು ಅಪರಿಚಿತ ಬೇನೆಯಾಗಿರಲಿಲ್ಲ.

1990ರ ದಶಕದಲ್ಲಿ ಎಚ್.ಐ.ವಿ. ಆ ಗಣಿಗಳಲ್ಲಿ ವೇಗವಾಗಿ ಹರಡಿತು. ವರ್ಷದ ಬಹುಭಾಗ ಸಂಸಾರವನ್ನು ಅಗಲಿದ ಗಂಡಸರು ಒಂದು ಕಡೆ. ಬೇರೆ ಜೀವನೋಪಾಯ ಕಾಣದ ಹೆಂಗಸರು ಇನ್ನೊಂದು ಕಡೆ. ಇದನ್ನು ಬರಿಯ ನಡತೆಯ ದೋಷವೆಂದು ಹೇಳಿ ಕೈತೊಳೆದುಕೊಳ್ಳುವವರು ಆ ಏರ್ಪಾಡನ್ನು ಮಾಡಿದವರನ್ನು ಮರೆಯುತ್ತಾರೆ.

ಇಲ್ಲಿ ಲೆಕ್ಕವೊಂದನ್ನು ಗಮನಿಸಬೇಕು. ಆ ಗಣಿಗಾರರಲ್ಲಿ ಸಿಲಿಕೋಸಿಸ್ ಕ್ಷಯದ ಅಪಾಯವನ್ನು ಸುಮಾರು 3 ಪಾಲಿಗೂ, ಎಚ್.ಐ.ವಿ. ಸುಮಾರು 5 ಪಾಲಿಗೂ ಏರಿಸುವುದೆಂದು ಕಂಡುಬಂದಿತು. ಎರಡೂ ಒಬ್ಬನಲ್ಲೇ ಇದ್ದರೆ? 8 ಎಂದು ಎಣಿಸುವೆವು. ಆದರೆ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೊರೆತ ಉತ್ತರ ಹೆಚ್ಚುಕಡಿಮೆ 15. ಅಪಾಯಗಳು ಕೂಡಲಿಲ್ಲ, ಗುಣಿಸಿಕೊಂಡವು.

ಹಾಗಾದರೆ ಎಲ್ಲರಿಗೂ ಔಷಧ ಕೊಟ್ಟುಬಿಟ್ಟರೆ ಸಾಲದೆ? ಆ ಪ್ರಯೋಗವೂ ನಡೆಯಿತು. ಕೆಲವು ಗಣಿಗಳಲ್ಲಿ ಕ್ಷಯವು ಕಾಣಿಸಿಕೊಂಡಿರದ ಸಾವಿರಾರು ಕೆಲಸಗಾರರಿಗೆ ಐಸೋನಿಯಾಜಿಡ್ ಗುಳಿಗೆಯನ್ನು 9 ತಿಂಗಳ ಕಾಲ ನೀಡಲಾಯಿತು. ಗುಳಿಗೆ ನುಂಗುತ್ತಿದ್ದಷ್ಟು ಕಾಲ ಅವರಲ್ಲಿ ರೋಗವು ಅರ್ಧಕ್ಕಿಂತಲೂ ಕೆಳಗಿಳಿಯಿತು. ನಿಲ್ಲಿಸಿದೊಡನೆ ರಕ್ಷಣೆ ಮಾಯವಾಯಿತು. 2014ರಲ್ಲಿ ಫಲಿತಾಂಶ ಹೊರಬಿದ್ದಾಗ, ಔಷಧ ಕೊಟ್ಟ ಗಣಿಗಳಿಗೂ ಕೊಡದ ಗಣಿಗಳಿಗೂ ಒಟ್ಟಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಗುಳಿಗೆ ಮುಗಿದ ಮರುದಿನವೂ ಕೆಲಸಗಾರನು ಅದೇ ಧೂಳಿಗೆ ಇಳಿಯಬೇಕಾಗಿತ್ತಷ್ಟೆ.

ಕಾಯಿಲೆ ಬಿದ್ದವರನ್ನು ಬಹುಕಾಲ ಊರಿಗೆ ಕಳುಹಿಸಿಬಿಡುತ್ತಿದ್ದರು. ರೋಗವೂ ಅವರೊಡನೆ ಹಳ್ಳಿಗಳನ್ನು ಸೇರುತ್ತಿತ್ತು. ಸಿಲಿಕೋಸಿಸ್ ಹಾಗೂ ಕ್ಷಯಕ್ಕೆ ತುತ್ತಾದ ಗಣಿಗಾರರಿಗೆ ಆರು ಸಂಸ್ಥೆಗಳು ಪರಿಹಾರ ಕೊಡುವ ಒಪ್ಪಂದಕ್ಕೆ ಜೊಹಾನ್ಸ್‌ಬರ್ಗಿನ ಉಚ್ಚ ನ್ಯಾಯಾಲಯವು 2019ರಲ್ಲಿ ಸಮ್ಮತಿಯಿತ್ತಿತು. 1965ರಿಂದೀಚೆಗೆ ದುಡಿದವರು ಅದರಲ್ಲಿ ಸೇರಿದ್ದರು. ಅವರಲ್ಲಿ ಎಷ್ಟೋ ಮಂದಿ ಆ ವೇಳೆಗೆ ಬದುಕಿರಲಿಲ್ಲ.