ಒಂದು ಕಂಪನಿ, ಎರಡು ಹೆಸರು

ಹುಬ್ಬಳ್ಳಿ-ಧಾರವಾಡದ ಹಳಬರು ‘ಗರುಡ ಕಂಪನಿ’ ಅನ್ನುತ್ತಾರೆ. ಪುಸ್ತಕ ತೆರೆದರೆ ‘ದತ್ತಾತ್ರೇಯ ನಾಟಕ ಮಂಡಳಿ’ ಎಂದಿರುತ್ತದೆ. ವೃತ್ತಿರಂಗಭೂಮಿಯ ಓದಿಗೆ ಹೊಸದಾಗಿ ಬಂದವರು ಇವೆರಡೂ ಬೇರೆ ಬೇರೆ ಎಂದುಕೊಳ್ಳುವುದು ಸಹಜ. ಎರಡೂ ಗದಗಿನ ಗರುಡ ಸದಾಶಿವರಾಯರ ಕಂಪನಿಯ ಹೆಸರುಗಳೇ. ಜನ ಕರೆದದ್ದು ಯಜಮಾನರ ಹೆಸರಿನಿಂದ, ಬೋರ್ಡಿನ ಮೇಲೆ ಬರೆಸಿದ್ದು ದೇವರ ಹೆಸರು.

ಬೋರ್ಡಿನ ಮೇಲಿನ ಇಂಥ ಹೆಸರನ್ನು ನಿಧಾನವಾಗಿ ಬಿಡಿಸಿ ಓದಬೇಕು. ಮರಾಠಿ ನಾಟಕಗಳೇ ಮೆರೆಯುತ್ತಿದ್ದ 1870ರ ದಶಕದಲ್ಲಿ ಶಾಂತಕವಿಗಳು ಹಟ ಹಿಡಿದು ಗದಗಿನಲ್ಲಿ ಕನ್ನಡ ನಾಟಕ ಆಡಿಸಿದರು. ಅವರ ತಂಡ ‘ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ’. ವೀರನಾರಾಯಣ ಆ ಊರಿನ ದೇವರು. ‘ಪ್ರಾಸಾದಿತ’ ಎಂದರೆ ಅವನ ಪ್ರಸಾದದಿಂದ ನಡೆಯುವುದು. ಕೃತಪುರ ಎಂದರೆ ಗದಗೇ. ದೇವರು, ಊರು, ಕಸುಬು ಮೂರೂ ಒಂದೇ ಸಾಲಿನಲ್ಲಿ ಬಂದವು. ನನಗಂತೂ ಇದು ಕನ್ನಡ ರಂಗಭೂಮಿಯ ಅತ್ಯಂತ ಚೆಂದದ ಹೆಸರು.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಪೂರ್ತಿ ಹೆಸರಿನಲ್ಲೂ ದೇವರಾಗಿ ಚನ್ನಬಸವೇಶ್ವರರಿದ್ದಾರೆ. ಅಲ್ಲಿ ‘ಪ್ರಾಸಾದಿತ’ದ ಜಾಗಕ್ಕೆ ‘ಕೃಪಾಪೋಷಿತ’ ಬಂದಿದೆ, ‘ಮಂಡಳಿ’ಯ ಜಾಗಕ್ಕೆ ‘ಸಂಘ’.

ಎಲ್ಲರೂ ದೇವರನ್ನೇ ಮುಂದಿಟ್ಟರು ಎನ್ನುವಂತಿಲ್ಲ. ಧಾರವಾಡದ ಪಕ್ಕದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಎಳವೆಯಲ್ಲೇ ಬಣ್ಣ ಹಚ್ಚಿ ಹಾಡಿದ್ದು ವಾಮನರಾವ್ ಮಾಸ್ತರರ ‘ವಿಶ್ವಗುಣಾದರ್ಶ ನಾಟಕ ಮಂಡಳಿ’ಯಲ್ಲಿ. ಈ ಹೆಸರಿನಲ್ಲಿ ದೇವರೂ ಇಲ್ಲ, ಊರೂ ಇಲ್ಲ. ಆದರೂ ಜನರ ಬಾಯಲ್ಲಿ ಅದು ವಾಮನರಾಯರ ಕಂಪನಿಯೇ. ಮುಂದೆ ಏಣಗಿ ಬಾಳಪ್ಪನವರು ‘ಕಲಾವೈಭವ ನಾಟ್ಯ ಸಂಘ’ ನಡೆಸಿದರು. ಅಲ್ಲಿ ಹೆಸರಿನ ತಲೆಯ ಮೇಲೆ ಕಲೆಯೇ ಕೂತಿದೆ.

ಹೀಗಾಗಿ ಹಳೆಯ ನಟರ ಆತ್ಮಕಥೆ ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ಕು ಇರಲಿ. ಎಡಗಡೆ ಜನರ ಹೆಸರು, ಬಲಗಡೆ ಬೋರ್ಡಿನ ಹೆಸರು ಬರೆದುಕೊಳ್ಳಿ. ಅಜ್ಜನ ಟ್ರಂಕಿನಲ್ಲಿ ಹಳೆಯ ನಾಟಕದ ಹ್ಯಾಂಡ್‌ಬಿಲ್ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಕಂಪನಿಯ ಪೂರ್ತಿ ಹೆಸರು ಉಳಿದಿರುವುದು ಅದರ ನೆತ್ತಿಯ ಮೇಲೆ.