ಒಬ್ಬರಿಗಾಗಿ ಒಬ್ಬರು ಕಾಯೋಣ

ಮನೆ ಭೇಟಿಗೆ ಹೋದಾಗ ನಮ್ಮ ಆನೇಕಲ್ ಕಡೆಯ ಅಡುಗೆಮನೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಮುಚ್ಚಿಟ್ಟ ತಟ್ಟೆಗಳನ್ನು. ಯಜಮಾನರಿಗೆ ಜಿಗಣಿಯ ಕಾರ್ಖಾನೆಯಲ್ಲಿ ಎರಡನೇ ಪಾಳಿ, ಮಗಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿ, ಮಗನಿಗೆ ಬೆಳಿಗ್ಗೆ ಬೇಗ ಕಾಲೇಜು ಬಸ್ಸು. ಒಂದೇ ಒಲೆಯ ಅಡುಗೆಯನ್ನು ನಾಲ್ವರು ನಾಲ್ಕು ಹೊತ್ತಿಗೆ ಉಣ್ಣುತ್ತಾರೆ. ಕುಟುಂಬಕ್ಕಾಗಿಯೇ ದುಡಿಯುವವರ ಮನೆ ಹೀಗೆ ಸದ್ದಿಲ್ಲದೆ ಲಾಡ್ಜಿನಂತಾಗಿಬಿಡುತ್ತದೆ.

ಈ ತೊಂದರೆ ಹೊಸದಲ್ಲ. ಕೊರಿಂಥದ ಕ್ರೈಸ್ತರು ಸಭೆ ಸೇರಿದಾಗ ಕೆಲವರು ತಮ್ಮ ಪಾಡಿಗೆ ತಾವು ಊಟ ಮುಗಿಸುತ್ತಿದ್ದರು, ಉಳಿದವರು ಹಸಿದೇ ಇರುತ್ತಿದ್ದರು. ಹಾಗೆ ಹಸಿದವರು ಕೆಲಸ ಮುಗಿಸಿ ತಡವಾಗಿ ಬರುತ್ತಿದ್ದ ಬಡವರು, ದಾಸರು ಎಂದು ಹಲವು ಬೈಬಲ್ ಪಂಡಿತರು ವಿವರಿಸುತ್ತಾರೆ. ಸಂತ ಪೌಲರು ಸೂಚಿಸಿದ ಪರಿಹಾರ ಸರಳ: ಊಟಕ್ಕೆ ಕೂಡುವಾಗ ಒಬ್ಬರಿಗಾಗಿ ಒಬ್ಬರು ಕಾಯಬೇಕು (1 ಕೊರಿಂಥ 11:33). ಪರಮಪ್ರಸಾದದ ಬೋಧನೆ ಇರುವ ಅಧ್ಯಾಯದಲ್ಲೇ ಈ ಬುದ್ಧಿವಾದವೂ ಇದೆ. ಬಲಿಪೀಠದ ಪಂಕ್ತಿಗೂ ಮನೆಯ ಪಂಕ್ತಿಗೂ ನಂಟಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆದಿದೆ.

ಕಾಯುವುದನ್ನು ಕಲಿಸುವ ಅಡುಗೆಯೊಂದು ನಮ್ಮಲ್ಲಿದೆ: ಕೈಮ ಉಂಡೆ ಸಾರು. ಅಮೆರಿಕದವರು ದನದ ಮಾಂಸದ ಕೈಮವನ್ನು ಬಿಲ್ಲೆ ತಟ್ಟಿ ಗ್ರೇವಿಯಲ್ಲಿ ಬೇಯಿಸುತ್ತಾರೆ; ನಮ್ಮ ಕಡೆ ಮಟನ್ ಕೈಮವನ್ನು ಉಂಡೆ ಕಟ್ಟುತ್ತಾರೆ. ಅರ್ಧ ಕಿಲೋ ಕೈಮಕ್ಕೆ 4-5 ಚಮಚ ಹುರಿಗಡಲೆ ಪುಡಿ, ರುಬ್ಬಿದ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಚಕ್ಕೆ, ಲವಂಗ, ಕೊತ್ತಂಬರಿ ಸೊಪ್ಪು, ಉಪ್ಪು ಸೇರಿಸಿ ಚೆನ್ನಾಗಿ ಕಲಸಬೇಕು. ಸಣ್ಣ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದರೆ ಸುಮಾರು 20 ಉಂಡೆಗಳಾಗುತ್ತವೆ. ಈರುಳ್ಳಿ, ಟೊಮೆಟೊ, ಧನಿಯ, ಖಾರದ ಪುಡಿ, ತೆಂಗಿನಕಾಯಿ ರುಬ್ಬಿ ಹಾಕಿದ ಸಾರು ಕುದಿಯುವಾಗ ಒಂದೊಂದೇ ಉಂಡೆ ಬಿಡಬೇಕು. ಮೊದಲ 10 ನಿಮಿಷ ಸೌಟು ಹಾಕಬಾರದು. ಅವಸರದಿಂದ ತಿರುವಿದರೆ ಉಂಡೆ ಒಡೆದುಹೋಗುತ್ತದೆ. ಸಣ್ಣ ಉರಿಯಲ್ಲಿ ಒಟ್ಟು 25 ನಿಮಿಷ ಬೇಯಿಸಿ, ಒಂದನ್ನು ಮುರಿದು ನೋಡಿರಿ. ಮಾಂಸ ಕೊಚ್ಚುವಾಗ ಹೊರಗಿನ ಕ್ರಿಮಿಗಳು ಒಳಗೂ ಸೇರುವುದರಿಂದ ಕೈಮ ನಡುವಿನವರೆಗೂ ಬೇಯಲೇಬೇಕು. ಜೊತೆಗೆ ಬಿಸಿ ರಾಗಿಮುದ್ದೆ.

ತುಂಡು ಮಾಂಸದಲ್ಲಿ ದೊಡ್ಡದು, ಚಿಕ್ಕದು ಎಂಬ ತಕರಾರುಂಟು. ಉಂಡೆಗೆ ಅದಿಲ್ಲ, ಕಟ್ಟುವಾಗಲೇ ತಲೆಗೆ ಎಷ್ಟೆಂದು ತಾಯಿ ಎಣಿಸಿರುತ್ತಾಳೆ. ಇನ್ನೂ ಬಾರದವರ ಪಾಲೂ ಆ ಎಣಿಕೆಯಲ್ಲಿ ಸೇರಿರುತ್ತದೆ.

ಆದರೆ ಪಾಲು ಎತ್ತಿಟ್ಟರೆ ಸಾಕೇ? ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯವನ್ನು ಓದಿರಿ. ಶಿಷ್ಯರು ರಾತ್ರಿಯೆಲ್ಲಾ ದುಡಿದು ಬರಿಗೈಯಲ್ಲಿದ್ದರು. ಬೆಳಗಾದಾಗ ಪುನರುತ್ಥಾನರಾದ ಯೇಸುಸ್ವಾಮಿ ದಡದಲ್ಲಿ ಕೆಂಡ ಹೊತ್ತಿಸಿ, ಮೀನು ಸುಟ್ಟು, ರೊಟ್ಟಿ ಇಟ್ಟು ಅವರನ್ನು ಊಟಕ್ಕೆ ಕರೆದರು. ತಮ್ಮನ್ನು ಅಲ್ಲಗಳೆದಿದ್ದ ಪೇತ್ರನೊಡನೆ ಪ್ರೀತಿಯ ಮಾತೆತ್ತಿದ್ದು ಊಟವಾದ ಮೇಲೆಯೇ. ಪ್ರಭು ಅಡುಗೆಯನ್ನಷ್ಟೇ ಇಟ್ಟು ಹೋಗಲಿಲ್ಲ, ಅಲ್ಲೇ ಇದ್ದರು. ಅಡುಗೆ ಹೆಂಗಸರ ಕೆಲಸ ಎನ್ನುವ ಗಂಡಸರೂ ಇದನ್ನು ಗಮನಿಸಬೇಕು.

ಮಕ್ಕಳನ್ನೂ ಕಾಯಿಲೆಯವರನ್ನೂ ಹಸಿವಿನಲ್ಲಿ ಕೂರಿಸಿರೆಂದು ಹೇಳುತ್ತಿಲ್ಲ. ಪಾಳಿಯ ಪಟ್ಟಿ ನೋಡಿ ವಾರದಲ್ಲಿ ಒಂದು ಊಟವನ್ನಾದರೂ ಗೊತ್ತುಮಾಡಿಕೊಳ್ಳಿರಿ. ಅಂದು ಮೊಬೈಲು, ಟಿ.ವಿ. ಬೇಡ. ಉಳಿದ ದಿನ ತಡವಾಗಿ ಬಂದವರ ಜೊತೆ ಯಾರಾದರೊಬ್ಬರು ಹತ್ತು ನಿಮಿಷ ಕೂತಿರಲಿ. ಯಾವಾಗಲೂ ತಾಯಿಯೇ ಆಗಬೇಕಿಲ್ಲ. ಎತ್ತಿಟ್ಟ ಸಾರನ್ನು ಫ್ರಿಜ್ಜಿನಲ್ಲಿಟ್ಟು, ಚೆನ್ನಾಗಿ ಕುದಿಸಿ ಬಡಿಸಿರಿ.

ಮನೆಯಲ್ಲಿ ಕೂಡಿ ಆಲೋಚಿಸಲು:

1. ನಾವೆಲ್ಲರೂ ಒಟ್ಟಿಗೆ ಕೂತು ಉಂಡದ್ದು ಕೊನೆಯ ಸಲ ಯಾವಾಗ?
2. ನಮ್ಮ ಮನೆಯಲ್ಲಿ ದಿನವೂ ಒಬ್ಬರೇ ಉಣ್ಣುವವರು ಯಾರು?
3. ಈ ವಾರ ಅವರಿಗಾಗಿ ಯಾರು ಕಾಯುತ್ತೀರಿ?